ಮಡಿಕೇರಿಯ ಮಳೆಗಾಲದ ಓದು

ಆಷಾಢದ ಮಳೆ ಹಂಚಿನ ಮೇಲೆ ಭೋರ್ಗರೆಯುತ್ತಿರಲು, ವಿದ್ಯಾರ್ಥಿಯಾಗಿದ್ದ ನಾನು ಮೊದಲು ತೆರೆದ ಗ್ರಂಥ, ಕೊಡಗಿನ ಅರಸ ದೊಡ್ಡ ವೀರರಾಜೇಂದ್ರನು ತನ್ನ ಹಾಲೇರಿ ವಂಶದ ಚರಿತ್ರೆಯಾಗಿ ಬರೆಯಿಸಿದ, 1808ರ ‘ರಾಜೇಂದ್ರನಾಮೆ’. ಹಾಲೇರಿ ಅರಸರ ಪರಾಕ್ರಮವನ್ನು ಅರಸನೇ ಹೇಳಿಸಿರುವುದರಿಂದ, ಅದನ್ನು ಅರ್ಧ ಮಾತ್ರ ನಂಬಿದೆನೆಂಬುದನ್ನು ಮುಚ್ಚಿಡಲಾರೆ. ನಡಿಕೇರಿಯಂಡ ಚಿಣ್ಣಪ್ಪನವರು ಕೊಡವ ಜನಪದಗೀತಗಳನ್ನು ಸಂಗ್ರಹಿಸಿ 1924ರಲ್ಲಿ ಪ್ರಕಟಪಡಿಸಿದ ‘ಪಟ್ಟೋಲೆ ಪಳಮೆ’ಯಾದರೋ, ಒಬ್ಬನೇ ಕುಳಿತು ಓದಿದಾಗ ಪುನರುಕ್ತಿಯಿಂದ ಬೇಸರ ತರಿಸಿತಾದರೂ, ಸುಗ್ಗಿಹಬ್ಬವಾದ ಪುತ್ತರಿಯ ರಾತ್ರಿ ನೆರೆಮನೆಯ ಅಜ್ಜಯ್ಯ ಅದೇ ಸಾಲುಗಳನ್ನು ದುಡಿ ಬಡಿಯುತ್ತ ಹಾಡಲು, ಆ ಪುನರುಕ್ತಿಯೇ ಅದರ ಪ್ರಾಣವೆಂದು ತಿಳಿಯಿತು. 1939ರಲ್ಲಿ, 27ರ ಹರೆಯದಲ್ಲೇ, ನೀರಿನಲ್ಲಿ ಮುಳುಗಿ ಅಸ್ತಂಗತರಾದ ಕೊಡಗಿನ ಗೌರಮ್ಮನವರ ಕತೆಗಳಲ್ಲಿ ಕೆಲವು ಅವಸರದಲ್ಲಿ ಮುಗಿಯುವುವು, ನಿಜ. ಆದರೆ ವಿಧವೆಯ ಬಾಳನ್ನು ಅಷ್ಟು ನಿರ್ಭಯವಾಗಿ ನೋಡಿದ ಆ ಕತೆಗಳ ಪುಸ್ತಕವನ್ನು ಗ್ರಂಥಾಲಯಕ್ಕೆ ಹಿಂದಿರುಗಿಸಲು ಮನಸ್ಸಾಗದೆ ಎರಡಾಣೆ ದಂಡ ತೆತ್ತೆನು.