ಋತುಚಕ್ರ ಮತ್ತು ಕೊಬ್ಬಿನ ಕನಿಷ್ಠ ಮಿತಿ: ಫ್ರಿಶ್ ವಾದದ ಮರುಪರಿಶೀಲನೆ

ಹೆಣ್ಣಿನ ಋತುಚಕ್ರಕ್ಕೂ ಪೋಷಣೆಗೂ ನಂಟಿದೆ ಎಂಬುದರಲ್ಲಿ ಈಗ ತಕರಾರಿಲ್ಲ. 1944–45ರ ಡಚ್ ಬರಗಾಲದಲ್ಲಿ ಅನೇಕರ ಮುಟ್ಟು ನಿಂತಿತು. ಒಂಬತ್ತು ತಿಂಗಳ ತರುವಾಯ ಜನನಗಳು ಕುಸಿದವು. ಸ್ಥೂಲಕಾಯದ ಪಿಸಿಓಎಸ್ (ಪಾಲಿಸಿಸ್ಟಿಕ್ ಓವರಿ ಸಿಂಡ್ರೋಮ್) ಪೀಡಿತರಲ್ಲಿ ಶೇ 5–10ರಷ್ಟು ತೂಕ ಇಳಿದರೂ ಅಂಡೋತ್ಪತ್ತಿ ಮರಳುವುದುಂಟು. ವಿವಾದವಿರುವುದು ಕಾರಣದ ಬಗ್ಗೆ: ಅಂಡಾಶಯದ ಚಟುವಟಿಕೆಯನ್ನು ನಿರ್ಧರಿಸುವುದು ಮೈಯಲ್ಲಿ ಕೂಡಿಟ್ಟ ಕೊಬ್ಬೋ, ದಿನದಿನಕ್ಕೆ ದೊರೆಯುವ ಶಕ್ತಿಯೋ?

ಮೊದಲನೆಯದೇ ಎಂದವರು ಸಂಶೋಧಕಿ ರೋಸ್ ಫ್ರಿಶ್. ಮೈನೆರೆಯಲು ದೇಹತೂಕದ ಸುಮಾರು ಶೇ 17ರಷ್ಟು, ಋತುಚಕ್ರ ಕ್ರಮವಾಗಿ ನಡೆಯಲು ಶೇ 22ರಷ್ಟು ಕೊಬ್ಬು ಬೇಕೆಂದು ಅವರು ಜಾನೆಟ್ ಮ್ಯಾಕ್‌ಆರ್ಥರ್ ಜೊತೆ 1974ರಲ್ಲಿ ಮಂಡಿಸಿದರು. ಆದರೆ ಆ ಕೊಬ್ಬು ಅಳೆದದ್ದಲ್ಲ, ಎತ್ತರ ಮತ್ತು ತೂಕದಿಂದ ಲೆಕ್ಕಹಾಕಿದ್ದು. ಹಾಗಾಗಿ ತೂಕ ಹೇಳದ ಹೊಸದೇನನ್ನೂ ಅದು ಹೇಳಲಾರದು. ಇದಕ್ಕಿಂತ ಬಲವಾದ ಆಕ್ಷೇಪ ಆನ್ ಲೌಕ್ಸ್ ಅವರ ಪ್ರಯೋಗಗಳಲ್ಲಿದೆ. ವ್ಯಾಯಾಮದ ಖರ್ಚು ಕಳೆದು ಉಳಿಯುವ ಶಕ್ತಿ, ಕೊಬ್ಬುರಹಿತ ದೇಹತೂಕದ ಪ್ರತಿ ಕಿಲೋಗ್ರಾಂಗೆ ದಿನಕ್ಕೆ 30 ಕಿಲೋಕ್ಯಾಲರಿಗಿಂತ ಕಡಿಮೆಯಾದಾಗ, ಐದೇ ದಿನಗಳಲ್ಲಿ ಅಂಡಾಶಯವನ್ನು ಪ್ರಚೋದಿಸುವ ಎಲ್‌ಎಚ್ ಹಾರ್ಮೋನಿನ ಮಿಡಿತ ನಿಧಾನವಾಯಿತು. ವ್ಯಾಯಾಮ ಅಷ್ಟೇ ಇದ್ದು ಊಟ ಹೆಚ್ಚಿಸಿದಾಗ ಈ ಏರುಪೇರು ಬಹುಮಟ್ಟಿಗೆ ತಪ್ಪಿತು. ಐದು ದಿನಗಳಲ್ಲಿ ಕರಗುವ ಕೊಬ್ಬು ಅತ್ಯಲ್ಪ. ಬದಲಾದದ್ದು ಸಂಗ್ರಹವಲ್ಲ, ಪೂರೈಕೆ.

ದೇಹದ ಶಕ್ತಿಸ್ಥಿತಿಯನ್ನು ಮಿದುಳಿಗೆ ತಿಳಿಸುವ ಲೆಪ್ಟಿನ್ ಹಾರ್ಮೋನು ಕೊಬ್ಬಿನ ಕೋಶಗಳಿಂದಲೇ ಸ್ರವಿಸುತ್ತದೆ, ಆದ್ದರಿಂದ ಫ್ರಿಶ್ ವಾದ ಗೆದ್ದಿತಲ್ಲವೇ ಎಂದು ಕೇಳಬಹುದು. ಆದರೆ ಉಪವಾಸದಲ್ಲಿ ಕೊಬ್ಬು ಗಮನಾರ್ಹವಾಗಿ ಕರಗುವ ಮೊದಲೇ ಲೆಪ್ಟಿನ್ ಇಳಿಯುತ್ತದೆ. 2004ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಹೈಪೊಥಲಾಮಸ್ ಮಂಕಾಗಿ ಮುಟ್ಟು ನಿಂತಿದ್ದ ಎಂಟು ಮಹಿಳೆಯರಿಗೆ ಲೆಪ್ಟಿನ್ ಕೊಟ್ಟಾಗ, ತೂಕ ಹೆಚ್ಚದೆಯೇ ಮೂವರಿಗೆ ಅಂಡೋತ್ಪತ್ತಿಯಾಯಿತು. ಅಧ್ಯಯನ ಸಣ್ಣದು, ಉಳಿದವರಲ್ಲಿ ಆಗಲಿಲ್ಲ; ಆದರೂ ಕೊಬ್ಬಿನ ನಿಶ್ಚಿತ ಪ್ರಮಾಣ ಅನಿವಾರ್ಯವಲ್ಲ ಎನ್ನಲು ಅಷ್ಟು ಸಾಕು. ಹೀಗಾಗಿ, ಸಂತಾನಯೋಗ್ಯ ವಯಸ್ಸಿನ ಮಟ್ಟಿಗೆ, ಅದರಲ್ಲೂ ಆಹಾರದ ಕೊರತೆಯಿರುವಲ್ಲಿ, ಶಕ್ತಿಯ ಲಭ್ಯತೆಯೇ ಮುಖ್ಯ ನಿಯಂತ್ರಕವೆಂದು ತೋರುತ್ತದೆ. ಈ ಮಾತು ಇಡೀ ಬಾಳಿಗೆ ಹೊಂದದು. ಋತುಬಂಧದ ನಂತರ ಕೊಬ್ಬಿನ ಅಂಗಾಂಶದಲ್ಲಿರುವ ಅರೋಮಟೇಸ್ ಎಂಬ ಕಿಣ್ವ ಆಂಡ್ರೋಜನ್ನನ್ನು ಈಸ್ಟ್ರೋನ್ ಎಂಬ ಈಸ್ಟ್ರೋಜನ್ ಆಗಿಸುತ್ತದೆ. ಅಲ್ಲಿ ಕೊಬ್ಬಿನ ಪ್ರಮಾಣಕ್ಕೇ ಬೆಲೆ.

ಲೌಕ್ಸ್ ಅವರ ಸಂಖ್ಯೆಯನ್ನೂ ಎಲ್ಲರಿಗೂ ಅನ್ವಯಿಸಲಾಗದು. ಅದು ಪುಷ್ಟ ಯುವತಿಯರಿಂದ, ಅಲ್ಪಾವಧಿಯಲ್ಲಿ ದೊರೆತದ್ದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಭಾರತದ 15–49 ವಯಸ್ಸಿನ ಮಹಿಳೆಯರಲ್ಲಿ ಶೇ 18.7ರಷ್ಟು ಮಂದಿ ಕೃಶರು, ಶೇ 24ರಷ್ಟು ಮಂದಿ ಅಧಿಕ ತೂಕದವರು. ಎಳವೆಯಿಂದಲೇ ಅರೆಹೊಟ್ಟೆಯಲ್ಲಿ ದುಡಿದ ದೇಹ ಇನ್ನೂ ಕಡಿಮೆ ಶಕ್ತಿಯಲ್ಲಿ ಋತುಚಕ್ರವನ್ನು ಉಳಿಸಿಕೊಳ್ಳಬಲ್ಲದೇ ಎಂಬುದನ್ನು ಇಲ್ಲಿ ಚರ್ಚಿಸಿದ ಪುರಾವೆಗಳು ತೀರ್ಮಾನಿಸಲಾರವು.