ಮೂರು ಅಂಕಿಗಳ ಒಪ್ಪಂದ

ಇಂದು ಸಂಗೀತ ಸಂಯೋಜನೆಗೆ ಕಂಪ್ಯೂಟರ್ ಒಂದಿದ್ದರೆ ಸಾಕು. ಪಿಯಾನೊ, ಪಿಟೀಲು, ತಬಲಾ, ಎಂಬತ್ತರ ದಶಕದ ಸಿಂಥಸೈಜರ್‌ಗಳ ತದ್ರೂಪಿ ದನಿ, ಎಲ್ಲವೂ ಸಾಫ್ಟ್‌ವೇರ್ ಆಗಿ ಸಿಗುತ್ತವೆ. ಹೀಗಿದ್ದೂ ಕ್ಯೂಬೇಸ್, ಲಾಜಿಕ್, ಏಬಲ್ಟನ್ ಲೈವ್ ಮುಂತಾದ ಸಂಗೀತ ಸಾಫ್ಟ್‌ವೇರ್ ತೆರೆದಿಟ್ಟ ಮೇಜಿನ ಪಕ್ಕದಲ್ಲೇ ಯಮಾಹಾ ಡಿಎಕ್ಸ್7ನಂಥ ಹಳೆಯ ಕೀಬೋರ್ಡೊಂದು, ಮೊನ್ನೆ ಮೊನ್ನೆ ತಯಾರಾದ ಅನಲಾಗ್ ಸಿಂಥ್ ಇನ್ನೊಂದು ಕೇಬಲ್ ಸಿಕ್ಕಿಸಿಕೊಂಡು ಕೂತಿರುವ ಸ್ಟುಡಿಯೊಗಳು ಬೇಕಾದಷ್ಟಿವೆ. ಯಾಕೆಂದು ಕೇಳಿದರೆ ಸಾಮಾನ್ಯವಾಗಿ ಸಿಗುವ ಉತ್ತರ ಎರಡು: ಯಂತ್ರದ ನಾದದ ತುಂಬುತನ ಸಾಫ್ಟ್‌ವೇರಿಗಿಲ್ಲ ಎನ್ನುವುದು ಒಂದು, ಹಳೆಯದರ ಮೇಲಿನ ಮಮತೆ ಎನ್ನುವುದು ಇನ್ನೊಂದು. ಎರಡರಲ್ಲೂ ಸ್ವಲ್ಪ ನಿಜವಿದೆ. ಆದರೆ ಮಮತೆ ಇದ್ದ ಮಾತ್ರಕ್ಕೆ ನಲವತ್ತು ವರ್ಷದ ಹಿಂದಿನ ಯಂತ್ರ ಇಂದಿನ ಕಂಪ್ಯೂಟರಿನ ಮಾತು ಕೇಳಿಬಿಡುವುದಿಲ್ಲ. ಅದೇ ಕಾಲದ ಫ್ಲಾಪಿ, ವಿಡಿಯೊ ಕ್ಯಾಸೆಟ್ಟುಗಳ ಮೇಲೂ ಜನಕ್ಕೆ ಮಮತೆಯಿತ್ತು. ಅವು ಅಟ್ಟ ಸೇರಿದವು. ಸಿಂಥಸೈಜರ್ ಸೇರಲಿಲ್ಲ. ವಾದ್ಯಗಳು ಒಂದಕ್ಕೊಂದು ಸೂಚನೆ ಕಳಿಸಲೆಂದು ತಯಾರಕರ ನಡುವೆ 1983ರಲ್ಲಿ ಜಾರಿಗೆ ಬಂದ ‘ಮಿಡಿ’ ಎಂಬ ಒಪ್ಪಂದ ಇದಕ್ಕೆ ಕಾರಣ. ಅದಕ್ಕಿಂತ ಹೆಚ್ಚಾಗಿ, ಆ ಒಪ್ಪಂದ ಯಾವುದನ್ನು ಹೇಳದೆ ಬಿಟ್ಟಿತು ಎಂಬುದು ಕಾರಣ. ನುಡಿಸಿದ್ದನ್ನು ನೆನಪಿಡುವ ಕೆಲಸ ಒಂದು ಯಂತ್ರದ್ದು, ದನಿ ಹೊರಡಿಸುವ ಕೆಲಸ ಇನ್ನೊಂದರದ್ದು ಎಂದು ಅದು ಗೆರೆ ಎಳೆಯಿತು. ಹಾರ್ಡ್‌ವೇರ್ ಉಳಿದದ್ದು ಆ ಗೆರೆಯಿಂದ.

ಒಪ್ಪಂದಕ್ಕೆ ಮುಂಚೆ ಏನಿತ್ತು ಎಂದು ನೋಡಿದರೆ ಈ ಮಾತಿನ ತೂಕ ಗೊತ್ತಾಗುತ್ತದೆ. ಸಿಂಥಸೈಜರ್ ನಮ್ಮ ದೇಶಕ್ಕೇನೂ ತಡವಾಗಿ ಬರಲಿಲ್ಲ. 1969ರಲ್ಲೇ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಅಮೆರಿಕದ ಸಂಗೀತಗಾರ ಡೇವಿಡ್ ಟ್ಯೂಡರ್ ಅವರ ನೆರವಿನಿಂದ ಮೂಗ್ ಸಿಂಥಸೈಜರ್ ಇದ್ದ ಸ್ಟುಡಿಯೊ ಶುರುವಾಗಿತ್ತು. ಆ ಪೀಳಿಗೆಯ ಯಂತ್ರಗಳ ವ್ಯವಹಾರವೆಲ್ಲ ವೋಲ್ಟೇಜಿನಲ್ಲಿ. ಒಂದು ವೋಲ್ಟ್ ಏರಿದರೆ ಒಂದು ಸ್ಥಾಯಿ ಏರಬೇಕು ಎಂಬುದು ಮೂಗ್ ಕಂಪನಿಯ ಲೆಕ್ಕ. ಒಂದೊಂದು ಸ್ಥಾಯಿಗೂ ವೋಲ್ಟೇಜ್ ಇಮ್ಮಡಿಯಾಗಬೇಕು ಎಂಬುದು ಯಮಾಹಾ ಮತ್ತು ಕಾರ್ಗ್ ಕಂಪನಿಗಳ ಲೆಕ್ಕ. ಇದರ ತಂತಿಯನ್ನು ಅದಕ್ಕೆ ಸಿಕ್ಕಿಸಿದರೆ ಕೇಳಿಸುವುದು ಅಪಸ್ವರ. ಎಪ್ಪತ್ತರ ದಶಕದ ಕೊನೆಗೆ ಮೈಕ್ರೊಪ್ರೊಸೆಸರ್ ಒಳಹೊಕ್ಕಾಗ ಪರಿಸ್ಥಿತಿ ಸುಧಾರಿಸುವ ಬದಲು ಇನ್ನಷ್ಟು ತೊಡಕಾಯಿತು, ಏಕೆಂದರೆ ಒಂದೊಂದು ಕಂಪನಿಯೂ ತನ್ನದೇ ಡಿಜಿಟಲ್ ಜೋಡಣೆಯನ್ನು ಕಟ್ಟಿಕೊಂಡಿತು. 1982ರಲ್ಲಿ ಮುಂಬೈಯ ಚರಣ್‌ಜಿತ್ ಸಿಂಗ್ ‘ಟೆನ್ ರಾಗಾಸ್ ಟು ಎ ಡಿಸ್ಕೊ ಬೀಟ್’ ಧ್ವನಿಮುದ್ರಿಕೆಗೆ ಬಳಸಿದ ಜುಪಿಟರ್-8 ಸಿಂಥಸೈಜರ್, ಟಿಬಿ-303 ಬೇಸ್ ಯಂತ್ರ, ಟಿಆರ್-808 ತಾಳದ ಯಂತ್ರ ಮೂರೂ ರೋಲ್ಯಾಂಡ್ ಕಂಪನಿಯವು. ಬೇಸ್ ಯಂತ್ರವೂ ತಾಳದ ಯಂತ್ರವೂ ಒಂದೇ ಲಯದಲ್ಲಿ ಓಡುವಂತೆ ಕೇಬಲ್ ಕೊಡಲು ಆ ಕಂಪನಿಯ ಸ್ವಂತ ವ್ಯವಸ್ಥೆ ಒಂದಿತ್ತು. ಆ ಕೇಬಲ್ಲಿನಲ್ಲಿ ಹೋಗುತ್ತಿದ್ದದ್ದು ಲಯದ ಎಣಿಕೆ ಮತ್ತು ‘ಶುರುಮಾಡು, ನಿಲ್ಲಿಸು’ ಎಂಬ ಸೂಚನೆ, ಅಷ್ಟೇ. ಯಾವ ಸ್ವರ ನುಡಿಯಬೇಕು ಎಂದು ಹೇಳುವುದಕ್ಕೆ ಅದರಲ್ಲಿ ಜಾಗವಿರಲಿಲ್ಲ. 2010ರಲ್ಲಿ ಮರುಬಿಡುಗಡೆಯಾದ ಮೇಲೆ ಲೋಕವೇ ಕಿವಿಗೊಟ್ಟ ಆ ಸಂಗೀತ, ಒಂದೇ ಕಂಪನಿಯ ಬೇಲಿಯೊಳಗೆ ಹುಟ್ಟಿದ್ದು.

ಬೇಲಿ ತೆಗೆಯಬೇಕೆಂದು ಹೊರಟವರಲ್ಲಿ ಇಬ್ಬರು ಮುಖ್ಯರು. ಒಬ್ಬರು ಒಸಾಕದಲ್ಲಿ ರೋಲ್ಯಾಂಡ್ ಕಂಪನಿ ಸ್ಥಾಪಿಸಿದ ಇಕುತಾರೊ ಕಾಕೆಹಾಶಿ. ಇನ್ನೊಬ್ಬರು ಕ್ಯಾಲಿಫೋರ್ನಿಯದ ಸೀಕ್ವೆನ್ಶಿಯಲ್ ಸರ್ಕ್ಯೂಟ್ಸ್ ಕಂಪನಿಯ ಡೇವ್ ಸ್ಮಿತ್; 1978ರಲ್ಲಿ ಪ್ರಾಫೆಟ್-5 ತಯಾರಿಸಿ ಹೆಸರಾದವರು. ಕಾಕೆಹಾಶಿ 1981ರಲ್ಲಿ ಅಮೆರಿಕದ ತಯಾರಕರ ಮುಂದೆ ವಿಷಯ ಎತ್ತಿದರು. ಅದೇ ವರ್ಷದ ಕೊನೆಗೆ ಸ್ಮಿತ್ ತಮ್ಮ ಸಹೋದ್ಯೋಗಿಯೊಂದಿಗೆ ಆಡಿಯೊ ಎಂಜಿನಿಯರುಗಳ ಸಮಾವೇಶದಲ್ಲಿ ಇದೇ ವಿಷಯದ ಮೇಲೆ ಒಂದು ಪ್ರಬಂಧ ಮಂಡಿಸಿದರು. 1983ರ ಜನವರಿಯಲ್ಲಿ ಕ್ಯಾಲಿಫೋರ್ನಿಯದ ವಾದ್ಯ ಮೇಳದಲ್ಲಿ ಸೀಕ್ವೆನ್ಶಿಯಲ್‌ನ ಪ್ರಾಫೆಟ್-600ಕ್ಕೂ ರೋಲ್ಯಾಂಡಿನ ಜುಪಿಟರ್-6ಕ್ಕೂ ಒಂದು ಮಿಡಿ ಕೇಬಲ್ ಜೋಡಿಸಲಾಯಿತು. ಒಂದನ್ನು ನುಡಿಸಿದರೆ ಇನ್ನೊಂದು ನುಡಿಯಿತು. ಕೇಬಲ್ಲಿಗೆ ಆರಿಸಿದ್ದು ಯುರೋಪಿನ ಆಡಿಯೊ ಉಪಕರಣಗಳಲ್ಲಿ ಆಗಲೇ ಬಳಕೆಯಲ್ಲಿದ್ದ ಐದು ಪಿನ್ನಿನ ಪ್ಲಗ್. ಅದರಲ್ಲೂ ಉಪಯೋಗಕ್ಕೆ ಬಂದದ್ದು ಮೂರೇ ಪಿನ್. ವೇಗ ಸೆಕೆಂಡಿಗೆ 31,250 ಬಿಟ್. ಅಂದಿನ ಚಿಪ್ಪುಗಳ ಗಡಿಯಾರದ ವೇಗವಾದ ಸೆಕೆಂಡಿಗೆ ಹತ್ತು ಲಕ್ಷವನ್ನು 32ರಿಂದ ಭಾಗಿಸಿದರೆ ಸಲೀಸಾಗಿ ಸಿಗುವ ಸಂಖ್ಯೆ ಅದು.

ಆ ಕೇಬಲ್ಲಿನಲ್ಲಿ ಹರಿಯುವುದನ್ನು ಹತ್ತಿರದಿಂದ ನೋಡಬೇಕು. ನಡುಸ್ಥಾಯಿಯ ‘ಸಿ’ ಕೀ ಒತ್ತಿದರೆ ಹೊರಡುವುದು ಮೂರು ಅಂಕಿ: 144, 60, 100. ಮೊದಲನೆಯದರ ಅರ್ಥ ‘ಒಂದನೇ ಚಾನೆಲ್ಲಿನಲ್ಲಿ ಸ್ವರ ಶುರು’; ಎರಡನೆಯದು ಯಾವ ಕೀ ಎಂಬುದು; ಮೂರನೆಯದು ಎಷ್ಟು ಬಿರುಸಾಗಿ ಒತ್ತಿದರು ಎಂಬುದು. ಕೊನೆಯ ಎರಡಕ್ಕೂ ಮಿತಿ ಸೊನ್ನೆಯಿಂದ 127. ಇದಿಷ್ಟೂ ಸಾಗಲು ಹಿಡಿಯುವ ಕಾಲ ಒಂದು ಮಿಲಿಸೆಕೆಂಡಿಗಿಂತ ಕೊಂಚ ಕಡಿಮೆ. ಸ್ವರ ಕೊಳಲಿನದೋ ಗಂಟೆಯದೋ ಎಂಬುದಾಗಲಿ, ಅದು ಎಷ್ಟು ಹೊತ್ತು ಅನುರಣಿಸಬೇಕು ಎಂಬುದಾಗಲಿ ಈ ಮೂರು ಅಂಕಿಗಳಲ್ಲಿ ಇಲ್ಲ. ಕೈ ಏನು ಮಾಡಿತು ಎಂಬುದಷ್ಟೇ ಇದೆ. ಕಂಪನಿಗಳು ದನಿಯ ಬಗ್ಗೆಯೂ ಒಪ್ಪಂದಕ್ಕೆ ಬರಲು ಹೊರಟಿದ್ದರೆ ಜಗಳ ಮುಗಿಯುತ್ತಿರಲಿಲ್ಲ. ಮುಗಿದಿದ್ದರೂ ಒಪ್ಪಂದ 1983ರ ದನಿಗಳ ಜೊತೆಗೇ ಹಳತಾಗುತ್ತಿತ್ತು. ದನಿಯ ಮಾತೇ ಎತ್ತದೆ ಬಿಟ್ಟದ್ದರಿಂದ, ಆಗ ಯಾರೂ ಕಂಡಿರದ ಯಂತ್ರಗಳಿಗೂ ಅದು ಹೊಂದಿಕೊಂಡಿತು.

ಇದನ್ನು ಕಂಪನಿಗಳ ಔದಾರ್ಯವೆಂದು ಹೊಗಳುವುದು ಅತಿಯಾಯಿತು, ಮಾರುಕಟ್ಟೆ ದೊಡ್ಡದಾದರೆ ಎಲ್ಲರಿಗೂ ಲಾಭ ಎಂಬ ಲೆಕ್ಕವಷ್ಟೇ ಅಲ್ಲಿತ್ತು ಎಂಬ ಆಕ್ಷೇಪವಿದೆ. ಲಾಭದ ಲೆಕ್ಕ ಇದ್ದದ್ದು ನಿಜ. 1983ರಲ್ಲಿ ಬಂದ ಡಿಎಕ್ಸ್7 ಒಂದೂವರೆ ಲಕ್ಷಕ್ಕೂ ಮಿಕ್ಕಿ ಮಾರಾಟವಾಯಿತು; ಮಿಡಿಯ ಸೌಲಭ್ಯ ಅದಕ್ಕೆ ನೆರವಾಗದೆ ಇರಲಿಲ್ಲ. ಆದರೆ ಲಾಭ ಎಲ್ಲರಿಗೂ ಸಮನಾಗಿ ಬರಲಿಲ್ಲ. ಪರವಾನಗಿ ಶುಲ್ಕವಿಲ್ಲದೆ ಯಾರು ಬೇಕಾದರೂ ಬಳಸಬಹುದು ಎಂದು ಬಿಟ್ಟುಕೊಟ್ಟವರಲ್ಲಿ ಒಬ್ಬರಾದ ಸ್ಮಿತ್ ಅವರ ಕಂಪನಿ ಎಂಬತ್ತರ ದಶಕ ಮುಗಿಯುವ ಮೊದಲೇ ಮುಚ್ಚಿತು, ಹೆಸರು ಯಮಾಹಾ ಪಾಲಾಯಿತು. ಆ ಹೆಸರನ್ನು ಯಮಾಹಾ ಕಂಪನಿ ಸ್ಮಿತ್ ಅವರಿಗೆ ಮರಳಿಸಿದ್ದು 2015ರಲ್ಲಿ, ಅದೂ ಕಾಕೆಹಾಶಿ ಅವರ ಪ್ರೋತ್ಸಾಹದಿಂದ. ಬರೀ ಲಾಭಕ್ಕಾಗಿ ಮಾಡಿದ ಕೆಲಸವಾಗಿದ್ದರೆ ಇದರಷ್ಟು ಕೆಟ್ಟ ವ್ಯಾಪಾರ ಇನ್ನೊಂದಿಲ್ಲ.

ಕಂಪ್ಯೂಟರ್ ಈ ಕತೆಯೊಳಗೆ ಬಂದದ್ದು ಮಿಡಿಯ ಹೊಸ್ತಿಲು ದಾಟಿಯೇ. ಅಂದಿನ ಮನೆಗಣಕಗಳಿಗೆ ಸಂಗೀತವನ್ನು ಧ್ವನಿಯಾಗಿ ಹಿಡಿದಿಡುವ ಶಕ್ತಿ ಇರಲಿಲ್ಲ. ಮೂರು ಮೂರು ಅಂಕಿಗಳನ್ನು ಸಮಯ ಸಹಿತ ಬರೆದಿಡಲು ಮಾತ್ರ ಧಾರಾಳ ಸಾಮರ್ಥ್ಯವಿತ್ತು. 1985ರ ಅಟಾರಿ ಎಸ್‌ಟಿ ಗಣಕದಲ್ಲಿ ಮಿಡಿ ಪ್ಲಗ್ಗುಗಳು ತಯಾರಿಕೆಯಲ್ಲೇ ಬಂದವು. ಅದರ ಮೇಲೆ ಓಡಿದ ಸೀ-ಲ್ಯಾಬ್ ಕಂಪನಿಯ ಕ್ರಿಯೇಟರ್ ಇಂದಿನ ಲಾಜಿಕ್‌ನ ಪೂರ್ವಜ. 1989ರಲ್ಲಿ ಸ್ಟೈನ್‌ಬರ್ಗ್ ಹೊರತಂದ ಕ್ಯೂಬೇಸ್ ಅದೇ ಹೆಸರಿನಲ್ಲಿ ಇಂದಿಗೂ ಇದೆ. ಪರದೆಯ ಮೇಲೆ ಎಡದಿಂದ ಬಲಕ್ಕೆ ಸಾಗುವ ಕಾಲ, ಒಂದರ ಕೆಳಗೊಂದು ವಾದ್ಯಗಳ ಪಟ್ಟಿ ಎಂಬ ಇಂದಿನ ವಿನ್ಯಾಸ ಆ ದಿನಗಳಲ್ಲಿ ರೂಪುಗೊಂಡಿತು, ಮತ್ತು ಆಗ ಆ ಪಟ್ಟಿಯಲ್ಲಿದ್ದದ್ದೆಲ್ಲ ಹೊರಗಿನ ಯಂತ್ರಗಳು. ಹಾಗಾಗಿ ಹೊರಗಿನ ಸಿಂಥಸೈಜರ್ ಸಂಗೀತ ಸಾಫ್ಟ್‌ವೇರಿನ ಮನೆಗೆ ಬಂದ ನೆಂಟನಲ್ಲ, ಮನೆ ಕಟ್ಟಿದ್ದೇ ಅದರ ಸಲುವಾಗಿ. ನಮ್ಮ ಕಡೆ ಇಳಯರಾಜ 1986ರ ‘ಪುನ್ನಗೈ ಮನ್ನನ್’ ಚಿತ್ರದಲ್ಲಿ, ಸ್ವರಗಳ ಸರಣಿಯನ್ನು ನೆನಪಿಟ್ಟು ಮರಳಿ ನುಡಿಸುವ ಸೀಕ್ವೆನ್ಸರ್ ಬಳಸಿದರು. 1992ರ ‘ರೋಜಾ’ ಹೊತ್ತಿಗೆ ಎ.ಆರ್. ರೆಹಮಾನ್ ಅವರ ಸ್ಟುಡಿಯೊ ಚೆನ್ನೈನ ಕೋಡಂಬಾಕ್ಕಂನ ಮನೆಯ ಹಿತ್ತಲಲ್ಲೇ ಇತ್ತು. ಹಾಡು ಮುಗಿದ ಮೇಲೂ ಶ್ರುತಿ, ಲಯ, ವಾದ್ಯ ಬದಲಿಸಬಹುದೆಂಬ ಸ್ವಾತಂತ್ರ್ಯ ಸಂಯೋಜಕರಿಗೆ ಸಿಕ್ಕಿತು. ಅದರ ಬೆಲೆ ತೆತ್ತವರು ದೊಡ್ಡ ವಾದ್ಯವೃಂದಗಳಲ್ಲಿ ಕೂತು ನುಡಿಸುತ್ತಿದ್ದ ಕಲಾವಿದರು. ಅವರ ಕೆಲಸ ಕಡಿಮೆಯಾಗುತ್ತ ಹೋಯಿತು ಎಂಬುದನ್ನು ಈ ಇತಿಹಾಸ ಬರೆಯುವವರು ಮರೆಯಬಾರದು.

ನಿಜವಾದ ಪರೀಕ್ಷೆ ಬಂದದ್ದು ತೊಂಬತ್ತರ ದಶಕದ ಕೊನೆಗೆ. 1996ರಲ್ಲಿ ಸ್ಟೈನ್‌ಬರ್ಗ್ ಸಂಗೀತ ಸಾಫ್ಟ್‌ವೇರಿನೊಳಗೆ ಬೇರೆ ಸಾಫ್ಟ್‌ವೇರ್ ಸೇರಿಸಬಲ್ಲ ವಿಎಸ್‌ಟಿ ಎಂಬ ಪ್ಲಗಿನ್ ವ್ಯವಸ್ಥೆ ತಂದಿತು. 1999ರ ಆವೃತ್ತಿಯಲ್ಲಿ ವಾದ್ಯಗಳೂ ಅದರೊಳಗೆ ಬಂದವು. ಇನ್ನು ಯಂತ್ರವೇಕೆ ಎಂಬ ಪ್ರಶ್ನೆ ಆಗ ಸಹಜವಾಗಿಯೇ ಎದ್ದಿತು. ಡೇವ್ ಸ್ಮಿತ್ ಅವರೇ 1997ರಲ್ಲಿ ‘ರಿಯಾಲಿಟಿ’ ಎಂಬ ಸಾಫ್ಟ್‌ವೇರ್ ಸಿಂಥಸೈಜರ್ ಹೊರತಂದಿದ್ದರು. ಆ ಹಾದಿಯ ಮೊದಲಿಗರಲ್ಲಿ ಅವರೂ ಒಬ್ಬರು. ಅಂಥವರು 2002ರಲ್ಲಿ ಮತ್ತೆ ಕಂಪನಿ ಕಟ್ಟಿ ಇವಾಲ್ವರ್ ಎಂಬ ಯಂತ್ರವನ್ನು ಮಾರುಕಟ್ಟೆಗೆ ಬಿಟ್ಟರು. ಎರಡೂ ಬದಿಯನ್ನು ಕೈಯಾರೆ ಕಟ್ಟಿ ನೋಡಿದವರ ಈ ಆಯ್ಕೆಯನ್ನು ಬರೀ ಹಳೆಯ ಮಮತೆ ಎಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಅವರು ಹೀಗೆ ಮರಳಲು ಸಾಧ್ಯವಾದದ್ದು ಪ್ಲಗಿನ್ನಿಗೂ ಸಾಫ್ಟ್‌ವೇರ್ ಕಳಿಸುವುದು ಅದೇ ಮಿಡಿ ಸೂಚನೆಗಳನ್ನಾದ್ದರಿಂದ. 144, 60, 100 ಒಳಗಿನ ಪ್ಲಗಿನ್ನಿಗೆ ಹೋದರೂ ಸರಿ, ಹೊರಗಿನ ಪೆಟ್ಟಿಗೆಗೆ ಹೋದರೂ ಸರಿ, ಸಾಫ್ಟ್‌ವೇರಿಗೆ ಭೇದವಿಲ್ಲ.

ಭೇದ ಬಳಸುವವರಿಗಿದೆ, ಇಲ್ಲವೆನ್ನುವಂತಿಲ್ಲ. ಹೊರಗಿನ ಯಂತ್ರಕ್ಕೆ ಮಿಡಿ ಕಳಿಸಿದರೆ ಸಾಲದು. ಅದರ ದನಿಯನ್ನು ಇನ್ನೊಂದು ತಂತಿಯಲ್ಲಿ ಆಡಿಯೊ ಇಂಟರ್‌ಫೇಸ್ ಮೂಲಕ ವಾಪಸು ತರಬೇಕು. ಸೆಕೆಂಡಿಗೆ 44,100 ಸ್ಯಾಂಪಲ್ಲಿನ ದರದಲ್ಲಿ, 256 ಸ್ಯಾಂಪಲ್ ಕೂಡಿಟ್ಟುಕೊಳ್ಳುವ ಬಫರ್ ಇಟ್ಟರೆ ಅದೊಂದರಲ್ಲೇ ಆರು ಮಿಲಿಸೆಕೆಂಡಿನಷ್ಟು ತಡ. ಸಾಫ್ಟ್‌ವೇರಿನಲ್ಲಿ ಈ ತಡವನ್ನು ಅಳೆದು ಸರಿದೂಗಿಸಿಕೊಳ್ಳಬೇಕು, ಹಾಡಿನ ಉದ್ದಕ್ಕೂ ಕಾದು ಮುದ್ರಿಸಿಕೊಳ್ಳಬೇಕು, ಮುಂದಿನ ತಿಂಗಳು ಅದೇ ಹಾಡು ತೆರೆದಾಗ ಯಂತ್ರದ ಗುಂಡಿಗಳು ಅದೇ ಜಾಗದಲ್ಲಿರಬೇಕು. ಪ್ಲಗಿನ್ನಿನಲ್ಲಿ ಇದ್ಯಾವುದೂ ಇಲ್ಲ; ಕಡತ ತೆರೆದರೆ ಎಲ್ಲ ಇದ್ದಲ್ಲೇ ಇರುತ್ತದೆ. ಆದರೆ ಅದು ಎಷ್ಟು ವರ್ಷದವರೆಗೆ ಎಂದು ಕೇಳಬೇಕು. 2019ರಲ್ಲಿ ಆ್ಯಪಲ್ ತನ್ನ ಕ್ಯಾಟಲಿನಾ ಆವೃತ್ತಿಯಿಂದ 32 ಬಿಟ್ ತಂತ್ರಾಂಶಗಳನ್ನು ಕೈಬಿಟ್ಟಾಗ, ಹೊಸ ರೂಪ ಪಡೆಯದ ಪ್ಲಗಿನ್ನುಗಳು ಆ ಗಣಕಗಳಲ್ಲಿ ತೆರೆಯದಾದವು. ಅದಕ್ಕೂ ಮೂವತ್ತಾರು ವರ್ಷ ಹಿರಿಯದಾದ ಡಿಎಕ್ಸ್7 ಅದೇ ಗಣಕದ ಜೊತೆ ಕೆಲಸ ಮಾಡುತ್ತಿತ್ತು. ಯಂತ್ರವೂ ಸಾಯುತ್ತದೆ, ಡಿಎಕ್ಸ್7ರ ಒಳಗೆ ದನಿಗಳ ನೆನಪು ಕಾಯುವ ಬ್ಯಾಟರಿ ಮುಗಿದರೆ ಎಲ್ಲ ಅಳಿಸಿಹೋಗುತ್ತದೆ. ಅದಕ್ಕೂ 1983ರವರು ದಾರಿ ಬಿಟ್ಟಿದ್ದರು. ಕಂಪನಿಗಳು ತಮ್ಮ ಸ್ವಂತ ಮಾಹಿತಿಯನ್ನು ಅದೇ ಕೇಬಲ್ಲಿನಲ್ಲಿ ಕಳಿಸಿಕೊಳ್ಳಲು ಸಿಸೆಕ್ಸ್ ಎಂಬ ಪ್ರತ್ಯೇಕ ವಿಧಾನವಿಟ್ಟರು. ಡಿಎಕ್ಸ್7ರ 32 ದನಿಗಳ ಇಡೀ ಬ್ಯಾಂಕು ಆ ರೂಪದಲ್ಲಿ 4,104 ಬೈಟು. ಗಣಕಕ್ಕೆ ಸೇರಲು ಬೇಕಾದದ್ದು ಒಂದೂಕಾಲು ಸೆಕೆಂಡಿಗೆ ಕೊಂಚ ಹೆಚ್ಚು. ಇಂದು ಉಚಿತವಾಗಿ ಸಿಗುವ ಡೆಕ್ಸ್‌ಡ್ ಎಂಬ ಪ್ಲಗಿನ್ ಆ ಹಳೆಯ ಕಡತಗಳನ್ನೇ ಓದುತ್ತದೆ, ತಿದ್ದಿದ್ದನ್ನು ಅಸಲಿ ಯಂತ್ರಕ್ಕೂ ಕಳಿಸುತ್ತದೆ. ಸಾಫ್ಟ್‌ವೇರ್ ಮತ್ತು ಯಂತ್ರ ಒಂದನ್ನೊಂದು ನುಂಗುವ ಶತ್ರುಗಳೆಂಬ ಎಣಿಕೆಗೆ ಇದಕ್ಕಿಂತ ಗಟ್ಟಿಯಾದ ಉತ್ತರ ಬೇಕಿಲ್ಲ.

ನಮ್ಮ ಸಂಗೀತದ ಕಡೆಯಿಂದ ಬರುವ ಆಕ್ಷೇಪ ಇವೆಲ್ಲಕ್ಕಿಂತ ಗಂಭೀರವಾದದ್ದು. ಮಿಡಿಯ ಅಂಕಿಗಳು ಕೀಬೋರ್ಡ್ ಎದುರಿಟ್ಟುಕೊಂಡು ಹುಟ್ಟಿದವು. 60 ಆದ ಮೇಲೆ 61, ನಡುವೆ ಏನೂ ಇಲ್ಲ. ತೋಡಿಯ ಗಾಂಧಾರವನ್ನು ಒಂದು ಅಂಕಿಯಲ್ಲಿ ಬರೆಯುವುದು ಹೇಗೆ? ಈ ದೂರು ಮಿಡಿಗಿಂತ ಹಳೆಯದು. ಹಾರ್ಮೋನಿಯಂನ ಮನೆಗಳು ಸ್ಥಿರ, ಅದರಲ್ಲಿ ಗಮಕ ಹೊರಡದು ಎಂಬ ವಾದ ಆಕಾಶವಾಣಿಯಲ್ಲಿ 1940ರಿಂದ 1971ರವರೆಗೆ ಆ ವಾದ್ಯವನ್ನೇ ಹೊರಗಿಟ್ಟಿತ್ತು. ಮಿಡಿಯಲ್ಲಿ ಸ್ವರವನ್ನು ಬಾಗಿಸುವ ಸೂಚನೆ ಮೊದಲಿಂದಲೂ ಇತ್ತು, 16,384 ಮೆಟ್ಟಿಲುಗಳಷ್ಟು ನವಿರಾಗಿಯೇ ಇತ್ತು. ಕೊರತೆ ಇದ್ದದ್ದು ಬೇರೆ ಕಡೆ: ಆ ಸೂಚನೆ ಇಡೀ ಚಾನೆಲ್ಲಿಗೆ ಅನ್ವಯವಾಗುವುದರಿಂದ ಒಂದು ಸ್ವರ ಬಾಗಿದರೆ ಜೊತೆಗಿದ್ದ ಎಲ್ಲವೂ ಬಾಗುತ್ತಿದ್ದವು. ಒಂಟಿ ಎಳೆಯ ರಾಗಕ್ಕೆ ಅದು ತೊಡಕಲ್ಲ, ಕೆಳಗೆ ಷಡ್ಜ ಹಿಡಿದು ಮೇಲೆ ಕಂಪಿತ ನುಡಿಸಬೇಕೆಂದರೆ ತೊಡಕು. 2018ರಲ್ಲಿ ಅಂಗೀಕಾರವಾದ ಎಂಪಿಇ ಎಂಬ ವಿಧಾನ ಇದಕ್ಕೆ ಪರಿಹಾರ ಕೊಟ್ಟಿತು: ಒಂದೊಂದು ಸ್ವರಕ್ಕೂ ಒಂದೊಂದು ಚಾನೆಲ್ ಹಂಚಿಬಿಡುವುದು. ಆ ಚಾನೆಲ್ಲುಗಳು ಹೊಸವಲ್ಲ, 1983ರಲ್ಲೇ ಇಟ್ಟಿದ್ದ 16. ಗಮಕ ಇದರಿಂದ ಪೂರ್ತಿ ಒಲಿಯಿತು ಎಂದೇನೂ ನಾನು ಹೇಳುವುದಿಲ್ಲ. ಗಾಯಕರ ಉಸಿರು, ವೀಣೆಯ ತಂತಿ ಎಳೆದ ಬೆರಳಿನ ಒತ್ತಡ ಇವನ್ನು ಹಿಡಿಯಬಲ್ಲ ವಾದ್ಯವನ್ನು ಯಾರಾದರೂ ಕಟ್ಟಬೇಕಷ್ಟೆ. ಕಟ್ಟಿದರೆ ಅದರ ಮಾತು ಸಾಗಿಸಲು ದಾರಿ ಮಾತ್ರ ಮುಚ್ಚಿಲ್ಲ.

2020ರಲ್ಲಿ ಮಿಡಿಯ ಎರಡನೇ ಆವೃತ್ತಿ ಅಂಗೀಕಾರವಾಯಿತು. ಕೀ ಒತ್ತಿದ ಬಿರುಸನ್ನು 128ರ ಬದಲು 65 ಸಾವಿರಕ್ಕೂ ಹೆಚ್ಚು ಮೆಟ್ಟಿಲುಗಳಲ್ಲಿ ಅಳೆಯಬಹುದು, ಒಂದೊಂದು ಸ್ವರವನ್ನೂ ಪ್ರತ್ಯೇಕವಾಗಿ ಬಾಗಿಸಬಹುದು. ಇದರಲ್ಲಿ ಎರಡು ಸಾಧನಗಳು ಜೋಡಿಯಾದಾಗ, ಎದುರಿನದಕ್ಕೆ ಹೊಸದರಲ್ಲಿ ಏನೇನು ಗೊತ್ತಿದೆ ಎಂದು ಒಂದು ಇನ್ನೊಂದನ್ನು ವಿಚಾರಿಸುವ ಏರ್ಪಾಡಿದೆ. ಆ ಪ್ರಶ್ನೆ ಹೋಗುವುದು ಹಳೆಯ ಸಿಸೆಕ್ಸ್ ರೂಪದಲ್ಲೇ. ಎದುರಿಗಿರುವುದು ಪ್ರಾಫೆಟ್-600 ಆಗಿದ್ದು ಉತ್ತರ ಬಾರದಿದ್ದರೆ, ಗಣಕ 144, 60, 100 ಎಂದೇ ಕಳಿಸುತ್ತದೆ.