3ಎಂ ಕಂಪನಿಯ ಮೂಲ ವಸ್ತುಗಳು ಮತ್ತು ತಯಾರಿಕಾ ವಿಧಾನಗಳು

ಅಮೆರಿಕ ಸಂಯುಕ್ತ ಸಂಸ್ಥಾನದ ಮಿನ್ನೆಸೋಟ ರಾಜ್ಯದಲ್ಲಿ 1902ರಲ್ಲಿ ಸ್ಥಾಪನೆಯಾದ 3ಎಂ ಕಂಪನಿ ಸ್ಯಾಂಡ್‌ಪೇಪರ್, ಅಂಟುಪಟ್ಟಿ, ಪಾತ್ರೆ ಉಜ್ಜುವ ನಾರು, ಧೂಳು ತಡೆಯುವ ಮುಖಗವಸು, ರಸ್ತೆ ಫಲಕಗಳ ಹೊಳೆಯುವ ಹಾಳೆ, ಕಂಪ್ಯೂಟರ್ ಪರದೆಯೊಳಗಿನ ಫಿಲ್ಮ್ ಮುಂತಾಗಿ ಮೇಲುನೋಟಕ್ಕೆ ಒಂದಕ್ಕೊಂದು ನಂಟಿಲ್ಲದ ಸಾವಿರಾರು ಸರಕುಗಳನ್ನು ತಯಾರಿಸುತ್ತ ಬಂದಿದೆ. ಈ ವೈವಿಧ್ಯದ ತಳದಲ್ಲಿರುವ ವಸ್ತುವರ್ಗಗಳೂ ತಯಾರಿಕಾ ವಿಧಾನಗಳೂ ಕೆಲವೇ ಕೆಲವು. ಕಂಪನಿ ಇವನ್ನು ತಂತ್ರಜ್ಞಾನ ವೇದಿಕೆಗಳೆಂದು ಕರೆದು, ಆವರ್ತ ಕೋಷ್ಟಕವನ್ನು ಹೋಲುವ ಪಟವೊಂದರಲ್ಲಿ ಎರಡೆರಡು ಅಕ್ಷರಗಳ ಸಂಕೇತ ಕೊಟ್ಟು ಪ್ರಕಟಿಸುತ್ತದೆ. ಪಟದಲ್ಲಿ ಸುಮಾರು ಐವತ್ತು ಮನೆಗಳಿವೆ. ವಸ್ತು, ಕ್ರಿಯೆ, ಬಳಕೆ ಎಲ್ಲವನ್ನೂ ಒಂದೇ ಸಾಲಿನಲ್ಲಿ ಕೂರಿಸುವ ಈ ಪಟದಲ್ಲಿ ವಿಜ್ಞಾನದಷ್ಟೇ ಜಾಹೀರಾತೂ ಇದೆ ಎನ್ನಬೇಕು. ಖನಿಜದ ಕಣಗಳನ್ನು ಗಾತ್ರಕ್ಕೆ ತಕ್ಕಂತೆ ವಿಂಗಡಿಸುವುದು, ಅಂಟುವ ಪಾಲಿಮರ್‌ಗಳನ್ನು ರೂಪಿಸುವುದು, ಓಡುತ್ತಿರುವ ಹಾಳೆಯ ಮೇಲೆ ತೆಳುವಾಗಿ ಲೇಪಿಸುವುದು, ನೇಯದೆಯೇ ನಾರನ್ನು ಬಟ್ಟೆಯಾಗಿಸುವುದು, ಮೇಲ್ಮೈಗೆ ಸೂಕ್ಷ್ಮ ಅಚ್ಚು ಒತ್ತುವುದು ಇವಿಷ್ಟನ್ನು ಅರಿತರೆ ಕಂಪನಿಯ ಬಹುಪಾಲು ಸರಕುಗಳು ಅರ್ಥವಾಗುತ್ತವೆ. ಒಂದು ಸರಕಿಗೆಂದು ಕಲಿತ ವಿಧಾನವನ್ನು ಇನ್ನೊಂದಕ್ಕೆ ಸಾಗಿಸುವುದೇ ಅದರ ನಿಜವಾದ ಬಂಡವಾಳ. ಲಾಭ ಸಾಗಿದ ದಾರಿಯಲ್ಲೇ ಅಪಾಯವೂ ಸಾಗಿದೆ ಎಂಬುದು ಫ್ಲೋರಿನ್ ಸಂಯುಕ್ತಗಳ ವಿಷಯದಲ್ಲಿ ಸ್ಪಷ್ಟವಾಗಿದೆ.

ಖನಿಜ ಮತ್ತು ಅಪಘರ್ಷಕಗಳು: ಒಬ್ಬ ವಕೀಲ, ಒಬ್ಬ ವೈದ್ಯ, ಇಬ್ಬರು ರೈಲ್ವೆ ಅಧಿಕಾರಿಗಳು ಮತ್ತು ಒಬ್ಬ ಮಾಂಸದ ವ್ಯಾಪಾರಿ ಸೇರಿ ಸುಪೀರಿಯರ್ ಸರೋವರದ ದಡದ ಟೂ ಹಾರ್ಬರ್ಸ್ ಊರಿನಲ್ಲಿ ಮಿನ್ನೆಸೋಟ ಮೈನಿಂಗ್ ಅಂಡ್ ಮ್ಯಾನುಫ್ಯಾಕ್ಚರಿಂಗ್ ಎಂಬ ಹೆಸರಿನಿಂದ ಕಂಪನಿಯನ್ನು ಆರಂಭಿಸಿದ್ದು ಕುರಂದದ ಗಣಿಗಾರಿಕೆಗಾಗಿ. ಕುರಂದವೆಂದರೆ ಅಲ್ಯುಮಿನಿಯಂ ಆಕ್ಸೈಡಿನಿಂದಾದ, ಮೋಸ್ ಕಾಠಿಣ್ಯಮಾನದಲ್ಲಿ 9ನೆಯ ಸ್ಥಾನದಲ್ಲಿರುವ ಖನಿಜ. ಸಾಣೆಚಕ್ರಗಳಿಗೆ ಅದು ಬೇಕಾಗಿತ್ತು. ಅಗೆದಾಗ ದೊರೆತದ್ದು ಅದಲ್ಲ, ಅನಾರ್ತೊಸೈಟ್ ಎಂಬ, ಸಾಣೆಗೆ ಒದಗದ ಮೆದು ಶಿಲೆ. ಗಣಿ ಕೈಕೊಟ್ಟ ಕಾರಣ ಕಂಪನಿ 1905ರಲ್ಲಿ ಡುಲೂತ್ ನಗರಕ್ಕೆ ಸರಿದು, ಬೇರೆಡೆಯ ಖನಿಜವನ್ನು ಕೊಂಡು ಸ್ಯಾಂಡ್‌ಪೇಪರ್ ತಯಾರಿಸತೊಡಗಿತು. 1910ರಲ್ಲಿ ಸೇಂಟ್ ಪಾಲ್ ನಗರದಲ್ಲಿ ನೆಲೆಯೂರಿತು.

ಸ್ಯಾಂಡ್‌ಪೇಪರಿನ ರಚನೆಯಲ್ಲಿ ನಾಲ್ಕು ಅಂಗಗಳಿರುತ್ತವೆ. ಕಾಗದ ಇಲ್ಲವೆ ಬಟ್ಟೆಯ ಆಧಾರ ಹಾಳೆ, ಅದರ ಮೇಲೆ ಕಣಗಳನ್ನು ಹಿಡಿದುಕೊಳ್ಳುವ ಮೊದಲ ಅಂಟುಲೇಪ, ಅದರಲ್ಲಿ ನೆಟ್ಟ ಚೂಪು ಕಣಗಳು, ಕಣಗಳ ಬುಡವನ್ನು ಬಿಗಿಯುವ ಎರಡನೆಯ ಲೇಪ. ಕಣಗಳನ್ನು ಮೇಲಿನಿಂದ ಸುರಿದರೆ ಅವು ಅಡ್ಡಾದಿಡ್ಡಿ ಬೀಳುವುದರಿಂದ, ಅಂಟು ಸವರಿದ ಹಾಳೆಯನ್ನು ಮುಖ ಕೆಳಗಾಗಿ ಓಡಿಸಿ, ಕೆಳಗಿನ ಕಣಗಳನ್ನು ವಿದ್ಯುತ್ ಕ್ಷೇತ್ರದ ಬಲದಿಂದ ಮೇಲಕ್ಕೆ ಹಾರಿಸಿ, ಉದ್ದನೆಯ ತುದಿ ಹೊರಮುಖವಾಗಿ ನಿಲ್ಲುವಂತೆ ನೆಡುವ ವಿಧಾನ ಉದ್ಯಮದಲ್ಲಿ ರೂಢಿಗೆ ಬಂದಿತು. ಇಷ್ಟರಲ್ಲಿ ಯಾವ ಅಂಗ ಕೆಟ್ಟರೂ ಹಾಳೆ ನಿರುಪಯುಕ್ತವಾಗುತ್ತದೆ. 1914ರಲ್ಲಿ ಗ್ರಾಹಕರ ಕೈಯಲ್ಲಿ ಕಣಗಳು ಉದುರತೊಡಗಿದಾಗ ಕಾರಣ ಹುಡುಕಿದ ಕಂಪನಿಗೆ, ಸ್ಪೇನಿನಿಂದ ಬಂದ ಗಾರ್ನೆಟ್ ಖನಿಜದ ಚೀಲಗಳ ಮೇಲೆ ಹಡಗಿನಲ್ಲೇ ಆಲಿವ್ ಎಣ್ಣೆ ಚೆಲ್ಲಿದ್ದು ತಿಳಿಯಿತು. ಖನಿಜವನ್ನು ಹುರಿದು ಎಣ್ಣೆ ತೆಗೆಯಬೇಕಾಯಿತು. ಕಚ್ಚಾವಸ್ತುವನ್ನು ಪರೀಕ್ಷಿಸದೆ ಯಂತ್ರಕ್ಕೆ ಹಾಕಬಾರದೆಂಬ ಈ ಪಾಠದಿಂದ 1916ರಲ್ಲಿ ಕಂಪನಿಯ ಮೊದಲ ಪ್ರಯೋಗಾಲಯ ಆರಂಭವಾಯಿತು. ಫ್ರಾನ್ಸಿಸ್ ಓಕಿ ರೂಪಿಸಿದ, ನೀರಿನಲ್ಲಿ ನೆನೆಸಿ ಉಜ್ಜಬಹುದಾದ ವೆಟ್‌ಆರ್‌ಡ್ರೈ ಕಾಗದ 1921ರಲ್ಲಿ ಮಾರುಕಟ್ಟೆಗೆ ಬಂದು, ಮೋಟಾರು ಗಾಡಿಗಳಿಗೆ ಬಣ್ಣ ಬಳಿಯುವ ಕಾರ್ಖಾನೆಗಳ ಧೂಳನ್ನು ತಗ್ಗಿಸಿತು.

ಅಂಟು ಮತ್ತು ಅಂಟುಪಟ್ಟಿ: ಆಧಾರ ಹಾಳೆಯ ಮೇಲೆ ಅಂಟನ್ನು ಸಮನಾಗಿ ಹರಡುವ ಕೌಶಲ ಕೈಗೆ ಬಂದ ಮೇಲೆ, ಕಣಗಳನ್ನು ಬಿಟ್ಟರೆ ಉಳಿಯುವುದು ಅಂಟುಪಟ್ಟಿ. ವೆಟ್‌ಆರ್‌ಡ್ರೈ ಮಾದರಿಗಳನ್ನು ಗಾಡಿ ದುರಸ್ತಿಯ ಅಂಗಡಿಗಳಿಗೆ ಒಯ್ಯುತ್ತಿದ್ದ ರಿಚರ್ಡ್ ಡ್ರೂ, ಎರಡು ಬಣ್ಣ ಬಳಿಯುವಾಗ ಗೆರೆ ಕಾಯಲು ಹಚ್ಚಿದ ಕಾಗದ ಬಣ್ಣವನ್ನೇ ಕಿತ್ತುಕೊಂಡು ಬರುತ್ತಿದ್ದುದನ್ನು ಕಂಡು, ಸುಕ್ಕುಗಾಗದದ ಮೇಲೆ ಮೃದುವಾದ ಅಂಟು ಲೇಪಿಸಿದ ಮಾಸ್ಕಿಂಗ್ ಟೇಪನ್ನು 1925ರಲ್ಲಿ ಸಿದ್ಧಪಡಿಸಿದ. ಸೆಲೊಫೇನ್ ಹಾಳೆಯ ಪಾರದರ್ಶಕ ಸ್ಕಾಚ್ ಟೇಪ್ 1930ರದು. ಒತ್ತಿದೊಡನೆ ಹಿಡಿಯುವ ಇಂಥ ಅಂಟು ಒಣಗಿ ಗಟ್ಟಿಯಾಗುವ ಸಾಮಾನ್ಯ ಅಂಟಿಗಿಂತ ಭಿನ್ನ. ಮೇಲ್ಮೈಯ ಉಬ್ಬುತಗ್ಗುಗಳಿಗೆ ಹರಿದು ಕೂರುವಷ್ಟು ದ್ರವಗುಣವೂ ಎಳೆದಾಗ ಹರಿಯದಷ್ಟು ಘನಗುಣವೂ ಅದರಲ್ಲಿ ಒಟ್ಟಿಗೆ ಇರಬೇಕು. ಸುರುಳಿ ಬಿಚ್ಚುವಾಗ ಅಂಟು ಹಾಳೆಯ ಬೆನ್ನಿಗೇ ಕಚ್ಚದಂತೆ ಬೆನ್ನಿಗೆ ಬೇರೊಂದು ಲೇಪವೂ ಬೇಕು. ಅಕ್ರಿಲೇಟ್ ಎಂಬ ಪಾಲಿಮರ್ ವರ್ಗ ಇದಕ್ಕೆ ಹೆಚ್ಚು ಒದಗಿತು. 1960ರಲ್ಲಿ ಬಂದ, ಗಾಳಿಯಾಡುವ ಮೈಕ್ರೊಪೋರ್ ವೈದ್ಯಕೀಯ ಪಟ್ಟಿಯ ಅಂಟೂ, ಕಟ್ಟಡದ ಹೊರಹಲಗೆ ಮತ್ತು ವಾಹನದ ತಗಡುಗಳನ್ನು ರಿವೆಟ್ ಇಲ್ಲದೆ ಜೋಡಿಸುವ, 1980ರಲ್ಲಿ ಬಂದ ವಿಎಚ್‌ಬಿ ನೊರೆಪಟ್ಟಿಯೂ ಈ ವರ್ಗಕ್ಕೆ ಸೇರಿದವು. ಸ್ಪೆನ್ಸರ್ ಸಿಲ್ವರ್ 1968ರಲ್ಲಿ ಕಂಡುಕೊಂಡ ಅಂಟು ಸೂಕ್ಷ್ಮ ಗೋಲಿಗಳ ರೂಪದ ಅಕ್ರಿಲೇಟ್. ಗೋಲಿಗಳು ಅಲ್ಲಲ್ಲಿ ಮಾತ್ರ ತಾಗುವುದರಿಂದ ಹಿಡಿತ ಸಡಿಲ. ಪ್ರಯೋಜನವಿಲ್ಲವೆಂದು ವರ್ಷಗಟ್ಟಲೆ ಮೂಲೆಗುಂಪಾಗಿದ್ದ ಆ ಅಂಟಿಗೆ ಸಹೋದ್ಯೋಗಿ ಆರ್ಟ್ ಫ್ರೈ ಬಳಕೆಯೊಂದನ್ನು ತೋರಿಸಿದ್ದರಿಂದ ಪೋಸ್ಟ್‌ಇಟ್ ಚೀಟಿಗಳು 1980ರಲ್ಲಿ ಅಮೆರಿಕದಾದ್ಯಂತ ಮಾರಾಟಕ್ಕೆ ಬಂದವು.

1947ರಲ್ಲಿ ಕಂಪನಿ ತಯಾರಿಸಿದ ಕಾಂತೀಯ ಧ್ವನಿಪಟ್ಟಿಯೂ ಇದೇ ಕುಲದ್ದು. ಸ್ಯಾಂಡ್‌ಪೇಪರಿನ ಗಾರ್ನೆಟ್ ಜಾಗದಲ್ಲಿ ಕಬ್ಬಿಣದ ಆಕ್ಸೈಡ್ ಕಣ, ಕಾಗದದ ಜಾಗದಲ್ಲಿ ಪ್ಲಾಸ್ಟಿಕ್ ಹಾಳೆ ಬಂದಿದೆ. ಕಣ, ಬಂಧಕ, ಆಧಾರ ಎಂಬ ಮೂರರ ಸಂಬಂಧ ಬದಲಾಗಿಲ್ಲ. ಮಾಹಿತಿ ಸಂಗ್ರಹದ ಈ ವ್ಯವಹಾರವನ್ನು 1996ರಲ್ಲಿ ಇಮೇಷನ್ ಎಂಬ ಪ್ರತ್ಯೇಕ ಕಂಪನಿಯಾಗಿ ಬೇರ್ಪಡಿಸಲಾಯಿತು.

ಲೇಪನ: ಮೇಲಿನ ಎಲ್ಲ ಸರಕುಗಳ ತಾಯಿಕ್ರಿಯೆ ಸುರುಳಿಯಿಂದ ಸುರುಳಿಗೆ ನಡೆಯುವ ಲೇಪನ. ಅಗಲವಾದ ಹಾಳೆ ಒಂದು ಸುರುಳಿಯಿಂದ ಬಿಚ್ಚಿಕೊಂಡು, ಲೇಪಯಂತ್ರವನ್ನೂ ಉದ್ದನೆಯ ಒಲೆಯನ್ನೂ ಹಾದು, ಇನ್ನೊಂದು ಸುರುಳಿಗೆ ಸುತ್ತಿಕೊಳ್ಳುತ್ತದೆ. ಬಳಿಕ ಅದನ್ನು ಬೇಕಾದ ಅಗಲಕ್ಕೆ ಸೀಳಲಾಗುತ್ತದೆ. ಹಾಳೆಯ ವೇಗ, ಎಳೆತ, ದ್ರವದ ಸ್ನಿಗ್ಧತೆ, ಒಲೆಯ ಶಾಖ ಇವುಗಳಲ್ಲಿ ಒಂದು ಏರುಪೇರಾದರೂ ಲೇಪದ ದಪ್ಪ ಕೆಡುವುದರಿಂದ ಈ ವಿದ್ಯೆ ಪುಸ್ತಕಕ್ಕಿಂತ ಹೆಚ್ಚಾಗಿ ಕಾರ್ಖಾನೆಯ ಅನುಭವದಲ್ಲಿ ಉಳಿದಿದೆ. ರಾಸಾಯನಿಕ ಸೂತ್ರವನ್ನು ನಕಲು ಮಾಡಿದ ಸ್ಪರ್ಧಿಗಳಿಗೆ ಸರಕನ್ನು ನಕಲು ಮಾಡುವುದು ಕಷ್ಟವಾಗುವುದು ಇದರಿಂದಲೇ. ಹಳೆಯ ಕ್ರಮದಲ್ಲಿ ಅಂಟನ್ನು ಸಾವಯವ ದ್ರಾವಕದಲ್ಲಿ ಕರಗಿಸಿ ಲೇಪಿಸಿ ದ್ರಾವಕವನ್ನು ಒಲೆಯಲ್ಲಿ ಆವಿಯಾಗಿಸಬೇಕಾಗುತ್ತಿತ್ತು. ಆ ಆವಿ ವಾಯುಮಾಲಿನ್ಯಕ್ಕೂ ಬೆಂಕಿಗೂ ಕಾರಣವಾಗುವುದರಿಂದ, ನೀರಿನಲ್ಲಿ ಹರಡಿದ ಅಂಟು, ಕರಗಿಸಿ ಬಿಸಿಯಾಗಿ ಲೇಪಿಸುವ ಅಂಟು ಮತ್ತು ಅತಿನೇರಳೆ ಕಿರಣದಿಂದ ಹಾಳೆಯ ಮೇಲೆಯೇ ಪಾಲಿಮರ್ ಆಗಿಸುವ ಅಂಟು ಬಳಕೆಗೆ ಬಂದವು. ಮಾಲಿನ್ಯವನ್ನು ಹುಟ್ಟುವೆಡೆಯಲ್ಲೇ ತಗ್ಗಿಸಿದರೆ ಖರ್ಚೂ ತಗ್ಗುತ್ತದೆಂಬ ನೀತಿಯ ಯೋಜನೆಯೊಂದನ್ನು ಕಂಪನಿ 1975ರಲ್ಲಿ ಆರಂಭಿಸಿತು.

ನೇಯದ ಬಟ್ಟೆ: ಮಗ್ಗವಿಲ್ಲದೆ ಎಳೆಗಳನ್ನು ಮನಬಂದಂತೆ ಹರಡಿ, ಶಾಖದಿಂದಲೋ ಅಂಟಿನಿಂದಲೋ ಬೆಸೆದ ಹಾಳೆಗೆ ಈ ಹೆಸರು. 1958ರಲ್ಲಿ ಬಂದ ಸ್ಕಾಚ್‌ಬ್ರೈಟ್ ನೈಲಾನ್ ಎಳೆಗಳ ಸಡಿಲ ಜಾಲ. ಅದರ ಎಳೆಗಳಿಗೆ ಅಪಘರ್ಷಕ ಕಣ ಬೆರೆತ ಅಂಟುರಾಳವನ್ನು ಹಿಡಿಸಲಾಗಿದೆ. ಅಡುಗೆಮನೆಯ ಈ ಸಾಧಾರಣ ವಸ್ತುವಿನಲ್ಲಿ ಕಣ, ಅಂಟು, ನಾರು ಎಂಬ ಮೂರು ವೇದಿಕೆಗಳು ಕೂಡಿವೆ. ಮುಖಗವಸಿನ ಬಟ್ಟೆ ಇದಕ್ಕಿಂತ ಬಹಳ ನಯ. ಕರಗಿದ ಪಾಲಿಪ್ರೊಪಿಲೀನನ್ನು ಸಣ್ಣ ರಂಧ್ರಗಳಿಂದ ಹೊರತಳ್ಳಿ, ವೇಗದ ಬಿಸಿಗಾಳಿಯಿಂದ ಕೆಲವೇ ಮೈಕ್ರಾನ್ ದಪ್ಪದ ಎಳೆಗಳಾಗಿಸಿ ಹಾಸಿಗೆಯಂತೆ ಹರಡಿದ ಮೇಲೆ ಅದಕ್ಕೆ ಸ್ಥಾಯಿ ವಿದ್ಯುದಾವೇಶ ಕೊಡಲಾಗುತ್ತದೆ. ಎಳೆಗಳ ನಡುವಿನ ಸಂದು ದೊಡ್ಡದಿದ್ದರೂ ಆವೇಶದ ಸೆಳೆತಕ್ಕೆ ಸಿಕ್ಕ ಧೂಳಿನ ಕಣ ಎಳೆಗೆ ಅಂಟಿಕೊಳ್ಳುವುದರಿಂದ ಉಸಿರಾಟಕ್ಕೆ ತಡೆಯಿಲ್ಲದೆ ಶೋಧನೆ ಸಾಧ್ಯವಾಗುತ್ತದೆ. ಸುಮಾರು 0.3 ಮೈಕ್ರಾನ್ ಗಾತ್ರದ ಪರೀಕ್ಷಾ ಕಣಗಳಲ್ಲಿ ಕನಿಷ್ಠ ಶೇ. 95ರಷ್ಟನ್ನು ತಡೆಯಬೇಕೆಂಬುದು ಎನ್95 ಎಂಬ ಅಮೆರಿಕದ ಮಾನದಂಡದ ಅರ್ಥ.

ಗಾಜಿನ ಮಣಿ, ಸೂಕ್ಷ್ಮ ಅಚ್ಚು ಮತ್ತು ಬಹುಪದರ ಫಿಲ್ಮ್: ಬೆಳಕು ಬಂದ ದಿಕ್ಕಿಗೇ ಅದನ್ನು ಹಿಂದಿರುಗಿಸುವ ಸ್ಕಾಚ್‌ಲೈಟ್ ಹಾಳೆಯ ರಸ್ತೆ ಫಲಕ ಮೊದಲು ನಿಂತದ್ದು 1939ರಲ್ಲಿ. ಖನಿಜ ಕಣಗಳ ಬದಲಿಗೆ ಗಾಜಿನ ಸೂಕ್ಷ್ಮ ಮಣಿಗಳನ್ನು ನೆಟ್ಟ ಈ ಹಾಳೆಯನ್ನು ಸ್ಯಾಂಡ್‌ಪೇಪರಿನ ಮೊಮ್ಮಗುವೆಂದು ಕರೆಯಬಹುದು. ಮಣಿಯೊಳಗೆ ಹೊಕ್ಕ ಬೆಳಕು ಅದರ ಹಿಂಬದಿಯಲ್ಲಿ ಕೇಂದ್ರೀಕೃತವಾಗಿ, ಅಲ್ಲಿನ ಪ್ರತಿಫಲಕ ಪದರಕ್ಕೆ ತಾಗಿ, ಬಂದ ದಾರಿಯಲ್ಲೇ ಮರಳುತ್ತದೆ. ಟೊಳ್ಳು ಗಾಜಿನ ಗುಳ್ಳೆಗಳು ಇದೇ ಕುಲದ ಇನ್ನೊಂದು ಉತ್ಪನ್ನ; ಪ್ಲಾಸ್ಟಿಕ್ ಮುಂತಾದವನ್ನು ಹಗುರಗೊಳಿಸಲು ಬೆರೆಸುವ ಇವುಗಳ ಸಾಂದ್ರತೆ ಕೆಲವು ಬಗೆಗಳಲ್ಲಿ ನೀರಿನ ಎಂಟನೆಯ ಒಂದು ಭಾಗಕ್ಕೆ ಇಳಿಯುತ್ತದೆ.

ಸೂಕ್ಷ್ಮ ಅಚ್ಚೊತ್ತಿಕೆ ಎಂಬ ವಿಧಾನ ಬೆಳೆದದ್ದು 1960ರ ದಶಕದಲ್ಲಿ, ತರಗತಿಗಳ ಓವರ್‌ಹೆಡ್ ಪ್ರೊಜೆಕ್ಟರಿಗೆ ಬೇಕಾದ ಚಪ್ಪಟೆ ಫ್ರೆನೆಲ್ ಮಸೂರದಿಂದ. ವಜ್ರದ ಮೊನೆಯಿಂದ ಲೋಹದ ಉರುಳೆಯ ಮೇಲೆ ಸಣ್ಣ ಗೀರುಗಳನ್ನು ಕೊರೆದು, ಆ ಉರುಳೆಗೆ ದ್ರವರಾಳ ಲೇಪಿಸಿದ ಫಿಲ್ಮನ್ನು ಒತ್ತಿ, ಒತ್ತಿದಂತೆಯೇ ಅತಿನೇರಳೆ ಕಿರಣದಿಂದ ಗಟ್ಟಿಯಾಗಿಸಿದರೆ, ಸಾವಿರಾರು ಮೀಟರ್ ಉದ್ದಕ್ಕೂ ಅದೇ ಆಕಾರ ಮೂಡುತ್ತದೆ. ಹತ್ತಾರು ಮೈಕ್ರಾನ್ ಅಂತರದ ಪ್ರಿಸಂ ಸಾಲುಗಳುಳ್ಳ ಇಂಥ ಫಿಲ್ಮ್ ಎಲ್‌ಸಿಡಿ ಪರದೆಯ ಹಿಂದಿದ್ದು, ಪಕ್ಕಕ್ಕೆ ಹೋಗಿ ವ್ಯರ್ಥವಾಗುವ ಬೆಳಕನ್ನು ನೋಡುವವರ ಕಡೆಗೆ ತಿರುಗಿಸಿ ಬ್ಯಾಟರಿಯನ್ನು ಉಳಿಸುತ್ತದೆ. 1990ರ ದಶಕದಲ್ಲಿ ರೂಪುಗೊಂಡ ಬಹುಪದರ ಫಿಲ್ಮಿನಲ್ಲಿ ಬಣ್ಣವೂ ಇಲ್ಲ, ಲೋಹವೂ ಇಲ್ಲ. ಬೇರೆ ಬೇರೆ ವಕ್ರೀಭವನಾಂಕದ ಎರಡು ಪಾಲಿಮರ್‌ಗಳ ನೂರಾರು ಪದರಗಳನ್ನು ಒಂದರ ಮೇಲೊಂದು ಒಟ್ಟಿಗೆ ಹೊರತಳ್ಳಿ ಹಿಗ್ಗಿಸಲಾಗುತ್ತದೆ. ಪ್ರತಿ ಪದರವೂ ಬೆಳಕಿನ ತರಂಗಾಂತರಕ್ಕಿಂತ ತೆಳು. ಪದರಗಳ ದಪ್ಪ ಮತ್ತು ವಕ್ರೀಭವನಾಂಕದ ವ್ಯತ್ಯಾಸದಿಂದಲೇ ಗೋಚರ ಬೆಳಕಿನ ಶೇ. 98ಕ್ಕೂ ಹೆಚ್ಚನ್ನು ಪ್ರತಿಫಲಿಸುವ ಪ್ಲಾಸ್ಟಿಕ್ ಕನ್ನಡಿ ದೊರೆಯುತ್ತದೆ.

ಸೆರಾಮಿಕ್ ಕಣ: ವೇದಿಕೆಗಳ ಕೂಡಿಕೆಗೆ ಕ್ಯೂಬಿಟ್ರಾನ್ ಎಂಬ ಅಪಘರ್ಷಕ ಕಣ ಅತ್ಯುತ್ತಮ ನಿದರ್ಶನ. ಅಲ್ಯುಮಿನಾ ಖನಿಜವನ್ನು ಕುಲುಮೆಯಲ್ಲಿ ಕರಗಿಸಿ ತಣಿಸಿ ಒಡೆದು ಕಣ ಮಾಡುವ ಹಳೆಯ ಪದ್ಧತಿಯ ಬದಲಿಗೆ, ನೀರಿನಲ್ಲಿ ಹರಡಿದ ಅತಿಸೂಕ್ಷ್ಮ ಅಲ್ಯುಮಿನಾ ಕಣಗಳನ್ನು ಲೋಳೆಯಾಗಿಸಿ ಒಣಗಿಸಿ ಸುಡುವ ಸಾಲ್‌ಜೆಲ್ ವಿಧಾನದಿಂದ 1981ರಲ್ಲಿ ಈ ಕಣವನ್ನು ತಯಾರಿಸಲಾಯಿತು. 2009ರಲ್ಲಿ ಬಂದ ಎರಡನೆಯ ಪೀಳಿಗೆಯಲ್ಲಿ ಲೋಳೆಯನ್ನು ಸೂಕ್ಷ್ಮ ಅಚ್ಚುಗಳಿಗೆ ತುಂಬಿ, ಪ್ರತಿ ಕಣವನ್ನೂ ಒಂದೇ ಅಳತೆಯ ತ್ರಿಕೋನವಾಗಿಸಿ ಹಾಳೆಯ ಮೇಲೆ ನೆಟ್ಟಗೆ ನಿಲ್ಲಿಸಲಾಯಿತು. ಸಾಮಾನ್ಯ ಕಣ ಸವೆದು ಮೊಂಡಾಗಿ ಲೋಹವನ್ನು ಉಜ್ಜುತ್ತ ಬಿಸಿಯೇರಿಸಿದರೆ, ತ್ರಿಕೋನದ ತುದಿ ಚೂರುಚೂರಾಗಿ ಒಡೆದು ಹೊಸ ಮೊನೆ ತೋರುತ್ತ ಲೋಹವನ್ನು ಕತ್ತರಿಸುತ್ತ ಹೋಗುತ್ತದೆ. ಪ್ರೊಜೆಕ್ಟರ್ ಮಸೂರಕ್ಕಾಗಿ ಬೆಳೆದ ವಿದ್ಯೆ ಕಂಪನಿಯ ಅತ್ಯಂತ ಹಳೆಯ ಸರಕಿಗೆ ಹೀಗೆ ಮರಳಿತು.

ಫ್ಲೋರಿನ್ ಸಂಯುಕ್ತಗಳು: ಜೋಸೆಫ್ ಸೈಮನ್ಸ್ ಎಂಬ ವಿಜ್ಞಾನಿ ಪೆನ್ಸಿಲ್ವೇನಿಯದಲ್ಲಿ ರೂಪಿಸಿದ ವಿಧಾನದಲ್ಲಿ ಸಾವಯವ ವಸ್ತುವನ್ನು ನಿರ್ಜಲ ಹೈಡ್ರೊಜನ್ ಫ್ಲೋರೈಡಿನಲ್ಲಿ ಕರಗಿಸಿ ವಿದ್ಯುತ್ ಹಾಯಿಸಿದಾಗ ಅದರ ಹೈಡ್ರೊಜನ್ ಪರಮಾಣುಗಳ ಸ್ಥಾನವನ್ನು ಫ್ಲೋರಿನ್ ಆಕ್ರಮಿಸುತ್ತದೆ. 1940ರ ದಶಕದಲ್ಲಿ ಇದರ ಹಕ್ಕನ್ನು ಪಡೆದ ಕಂಪನಿ, ನೀರೂ ಎಣ್ಣೆಯೂ ಹಿಡಿಯದಂತೆ ಬಟ್ಟೆಯನ್ನು ಕಾಯುವ ಸ್ಕಾಚ್‌ಗಾರ್ಡನ್ನು 1956ರಲ್ಲಿ ಹೊರತಂದಿತು. ಪ್ಯಾಟ್ಸಿ ಶೆರ್ಮನ್ ಮತ್ತು ಸ್ಯಾಮ್ಯುಯೆಲ್ ಸ್ಮಿತ್ ಅದರ ಶೋಧಕರು. ಬೆಂಕಿ ನಂದಿಸುವ ನೊರೆಗೂ ಆಹಾರ ಕಟ್ಟುವ ಕಾಗದಕ್ಕೂ ಇದೇ ರಸಾಯನವಿದ್ಯೆ ಹಬ್ಬಿತು. ಇಂಗಾಲ ಮತ್ತು ಫ್ಲೋರಿನ್‌ಗಳ ಬಂಧ ಅತ್ಯಂತ ಬಲವಾದುದರಿಂದ ಈ ವಸ್ತುಗಳು ಶಾಖಕ್ಕೂ ಆಮ್ಲಕ್ಕೂ ಜಗ್ಗುವುದಿಲ್ಲ. ಅದೇ ಕಾರಣಕ್ಕೆ ಮಣ್ಣು, ನೀರು, ಮನುಷ್ಯರ ರಕ್ತ ಸೇರಿದ ಮೇಲೂ ಸುಲಭವಾಗಿ ವಿಘಟನೆಯಾಗುವುದಿಲ್ಲ. ಇವುಗಳಲ್ಲಿ ಪಿಎಫ್‌ಒಎಸ್ ಎಂಬ ಸಂಯುಕ್ತದ ತಯಾರಿಕೆಯನ್ನು ಕೈಬಿಡುವುದಾಗಿ ಕಂಪನಿ 2000ದಲ್ಲಿ ಪ್ರಕಟಿಸಿತು. ಆ ವಸ್ತು 2009ರಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ನಿರ್ಬಂಧಿತ ಪಟ್ಟಿ ಸೇರಿತು. ಪಿಎಫ್‌ಎಎಸ್ ಎನ್ನಲಾಗುವ ಇಡೀ ವರ್ಗದ ತಯಾರಿಕೆಯನ್ನು 2025ರ ಅಂತ್ಯದೊಳಗೆ ನಿಲ್ಲಿಸುವ ನಿರ್ಧಾರ ಹೊರಬಿದ್ದದ್ದು 2022ರ ಡಿಸೆಂಬರಿನಲ್ಲಿ. ಈ ವಸ್ತುಗಳು ನೀರಿಗೆ ಸೇರಿದ್ದರ ಬಗ್ಗೆ ಅಮೆರಿಕದ ಸಾರ್ವಜನಿಕ ನೀರು ಪೂರೈಕೆ ಸಂಸ್ಥೆಗಳೊಂದಿಗೆ 2023ರಲ್ಲಿ ಆದ ರಾಜಿಯ ಮೊತ್ತ 1,030 ಕೋಟಿ ಡಾಲರಿಗೆ ಕಡಿಮೆಯಿಲ್ಲ. ಎರಡು ನಿರ್ಧಾರಗಳ ನಡುವೆ ಎರಡು ದಶಕಗಳು ಹಿಡಿದುದಕ್ಕೆ, ಒಂದು ವೇದಿಕೆಯ ಮೇಲೆ ಅಷ್ಟೊಂದು ಸರಕುಗಳು ನಿಂತಿದ್ದುದೂ ಒಂದು ಕಾರಣವೆಂದು ಭಾವಿಸಬಹುದು.

ವಿಭಾಗಗಳು ಬೇರೆಯಾದರೂ ವಿಧಾನಗಳು ಹಂಚಿಕೆಯಾಗಬೇಕೆಂಬ ಉದ್ದೇಶದಿಂದ ಕಂಪನಿಯ ವಿಜ್ಞಾನಿಗಳ ಚರ್ಚಾಕೂಟವೊಂದು 1951ರಿಂದ ನಡೆದುಬಂದಿದೆ; ತಂತ್ರಜ್ಞರು ತಮ್ಮ ವೇಳೆಯ ಶೇ. 15ರಷ್ಟನ್ನು ಸ್ವಂತ ಆಯ್ಕೆಯ ಕೆಲಸಕ್ಕೆ ಬಳಸಬಹುದೆಂಬ ರೂಢಿಯೂ ಪ್ರಸಿದ್ಧ. ವೈದ್ಯಕೀಯ ವ್ಯವಹಾರ 2024ರ ಏಪ್ರಿಲ್ 1ರಂದು ಸಾಲ್ವೆಂಟಮ್ ಎಂಬ ಹೆಸರಿನಿಂದ ಪ್ರತ್ಯೇಕವಾಯಿತು. ಭಾರತದಲ್ಲಿ ಕಂಪನಿಯ ಶಾಖೆ 1987ರಲ್ಲಿ ಬಿರ್ಲಾ 3ಎಂ ಎಂಬ ಹೆಸರಿನಿಂದ ನೋಂದಣಿಯಾಗಿ ಮುಂದೆ 3ಎಂ ಇಂಡಿಯಾ ಆಯಿತು. ಇದರ ಶೇ. 75ರಷ್ಟು ಷೇರುಗಳು ಅಮೆರಿಕದ ಮೂಲ ಕಂಪನಿಯ ಕೈಯಲ್ಲಿವೆ. ಪ್ರಧಾನ ಕಚೇರಿ ಬೆಂಗಳೂರಿನಲ್ಲಿದೆ, ಕಾರ್ಖಾನೆಗಳು ಬೆಂಗಳೂರು, ಪುಣೆ ಮತ್ತು ಅಹಮದಾಬಾದ್‌ಗಳಲ್ಲಿವೆ.